ರಿಜೆಕ್ಟ್ ಬುಟ್ಟಿಯ ಚಳಿಗಾಲ

ಮೊನ್ನೆ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಹಳೆಯ ಸ್ವೆಟರ್ ಹುಡುಕುತ್ತ ಬೀರುವಿನ ಬಾಗಿಲು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಈ ವಾಸನೆಗೆ ಕೆಲವರಿಗೆ ಅಜ್ಜಿಯ ಟ್ರಂಕು ನೆನಪಾಗುತ್ತದಂತೆ, ಕೆಲವರಿಗೆ ಅಮ್ಮನ ಮದುವೆ ಸೀರೆ. ನನಗೆ ನೆನಪಾಗುವುದು ನನ್ನ ಸೋಲು. ಎರಡು ರೇಷ್ಮೆ ಸೀರೆಗಳ ನಡುವೆ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಮೂರು ಉಣ್ಣೆಯ ಕೌಲುಗಳು ಅಲ್ಲಿ ಕೂತಿದ್ದವು. ಮೂರನ್ನೂ ಹೆಣೆದವನು ನಾನೇ. ಹೆಣೆದ ದಿನ ಹೇಗಿದ್ದವೋ ಹಾಗೇ ಇದ್ದವು. ಒಂದು ಎಳೆ ಜಗ್ಗಿರಲಿಲ್ಲ, ಒಂದು ಕಲೆ ಬಿದ್ದಿರಲಿಲ್ಲ. ಒಂದು ದಿನವೂ ಯಾರ ಕುತ್ತಿಗೆಯನ್ನೂ ಕಾಣದ ಮಾಲು ಹಾಗಲ್ಲದೆ ಇನ್ನು ಹೇಗಿರುತ್ತದೆ.

ಕೌಲ್ ಎಂದರೆ ಎರಡೂ ಕಡೆ ಬಾಯಿ ಇರುವ ಉಣ್ಣೆಯ ಕೊಳವೆ. ತಲೆಯ ಮೇಲಿಂದ ಇಳಿಸಿದರೆ ಕುತ್ತಿಗೆಯ ಸುತ್ತ ಬಂದು ಕೂರುತ್ತದೆ. ಮಫ್ಲರಿನ ಹಾಗೆ ಸುತ್ತುವ, ಗಂಟು ಹಾಕುವ, ಬಸ್ಸಿನಲ್ಲಿ ಬೀಳಿಸಿಕೊಳ್ಳುವ ರಗಳೆ ಇಲ್ಲ. ಇಷ್ಟನ್ನು ನಾನು ಹೆಬ್ಬಗೋಡಿಯಲ್ಲಿ ಎಷ್ಟು ಜನಕ್ಕೆ ವಿವರಿಸಿದ್ದೇನೋ ಲೆಕ್ಕವಿಲ್ಲ. ನಮ್ಮ ಮನೆ ಓನರ್ ಮುನಿಯಮ್ಮನವರು ಮಾತ್ರ ಮೊದಲ ಸಲ ನೋಡಿದಾಗಲೇ ಒಂದೇ ಮಾತಿನಲ್ಲಿ ಮುಗಿಸಿದರು.

"ಅಂಗಾರೆ ತಳ ಇಲ್ದಿರೋ ಚೀಲ ಅನ್ನಿ ಸಾ."

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ಯೂಸಿ ಇನ್‌ಸ್ಪೆಕ್ಟರ್ ಆಗಿದ್ದವನು. ಲೇತಿನಿಂದ ಇಳಿದ ಒಂದೊಂದು ಪೀಸನ್ನೂ ವರ್ನಿಯರ್ ಹಿಡಿದು ಅಳೆದು, ಡ್ರಾಯಿಂಗಿಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬುಟ್ಟಿಗೆ ಹಾಕುವುದು ನನ್ನ ಕೆಲಸ. ಮಷೀನಿನ ಮುಂದೆ ನಿಂತವರು ನನ್ನನ್ನು ಕಂಡರೆ ಶನಿ ಬಂದ ಎನ್ನುತ್ತಿದ್ದರು. ನನಗೆ ಅದರಲ್ಲಿ ಬೇಸರವಿರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು. ಆಮೇಲೆ ಕಾರ್ಖಾನೆಯ ಜಾಗದಲ್ಲಿ ಬೇರೇನೋ ಬಂತು, ನಾನು ಮನೆಗೆ ಬಂದೆ. ನನ್ನ ಹೆಂಡತಿ ಗಿರಿಜಾ ಅತ್ತಿಬೆಲೆ ಕೈಗಾರಿಕಾ ಪ್ರದೇಶದಲ್ಲಿ ತಗಡಿನ ಡಬ್ಬ ಮಾಡುವ ಕಂಪನಿಯೊಂದರ ಅಕೌಂಟ್ಸಿನಲ್ಲಿದ್ದಳು. ಇಷ್ಟು ವರ್ಷ ಅವಳು ನನ್ನ ಪೀಣ್ಯಕ್ಕಾಗಿ ಊರಿನ ಆ ತುದಿಯಿಂದ ಈ ತುದಿಗೆ ಓಡಾಡಿದ್ದಳು. ಇನ್ನು ಅವಳ ಅತ್ತಿಬೆಲೆಗಾಗಿ ನಾವು ಹೆಬ್ಬಗೋಡಿಗೆ ಬರುವುದು ನ್ಯಾಯವಾಗಿತ್ತು. ಬಂದೆವು. ಮುನಿಯಮ್ಮನವರ ಮೂರಂತಸ್ತಿನ ಕಟ್ಟಡದಲ್ಲಿ ಎರಡನೇ ಮಹಡಿ ಸಿಕ್ಕಿತು. ಕೆಳಗೆ ಅವರು, ಅವರ ಪಕ್ಕದ ಶೆಡ್ಡಿನಲ್ಲಿ ಅವರ ಹಸು ಮತ್ತು ಕರು. ಹೊಲವೆಲ್ಲ ಸೈಟಾಗಿ ಹೋದರೂ ಅವರು ಹಸುವನ್ನು ಮಾತ್ರ ಬಿಟ್ಟಿರಲಿಲ್ಲ.

ಬೆಂಗಳೂರಿನ ಚಳಿ ಅಂಥ ದೊಡ್ಡ ಚಳಿಯೇನಲ್ಲ. ಆದರೆ ಇಲ್ಲಿನ ಜನ ಅದನ್ನು ಬಹಳ ಮರ್ಯಾದೆಯಿಂದ ನಡೆಸಿಕೊಳ್ಳುತ್ತಾರೆ. ಕಾರ್ತಿಕ ಬಂತೆಂದರೆ ಸೆಕ್ಯುರಿಟಿಯವರು, ಹಾಲಿನವರು, ವಾಕಿಂಗ್ ಹೋಗುವ ಹಿರಿಯರು ಎಲ್ಲ ಮಂಕಿ ಟೋಪಿಯೊಳಗೆ ಹೊಕ್ಕು ಕಣ್ಣು ಮೂಗು ಮಾತ್ರ ಹೊರಗೆ ಬಿಟ್ಟುಕೊಳ್ಳುತ್ತಾರೆ. ಗಿರಿಜಾ ಮಾತ್ರ ಏನನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹೊಸೂರು ರಸ್ತೆಯಲ್ಲಿ ಅವಳ ಕಂಪನಿಯ ವ್ಯಾನು ಬರುತ್ತಿತ್ತು. ಅದರಲ್ಲಿ ಅವಳ ಸೀಟಿನ ಪಕ್ಕದ ಕಿಟಕಿಯ ಗಾಜು ಮೇಲಕ್ಕೆ ಏರುತ್ತಿರಲಿಲ್ಲ. ಮಂಜು ತುಂಬಿದ ಗಾಳಿ ನೇರವಾಗಿ ಬಂದು ಅವಳ ಗಂಟಲಿಗೆ ತಾಗುತ್ತಿತ್ತು. ಸೀಟು ಬದಲಾಯಿಸು ಎಂದರೆ, ವ್ಯಾನಿನಲ್ಲಿ ಒಮ್ಮೆ ಗೊತ್ತಾದ ಸೀಟನ್ನು ಬದಲಾಯಿಸುವುದು ಗಂಡನನ್ನು ಬದಲಾಯಿಸಿದಷ್ಟೇ ತಾಪತ್ರಯ ಎಂದಳು. ಪ್ರತಿ ಧನುರ್ಮಾಸಕ್ಕೂ ಅವಳ ಸ್ವರ ಬಿದ್ದುಹೋಗುತ್ತಿತ್ತು. ಡಾಕ್ಟರು, ಔಷಧಿ ಕೊಡ್ತೀನಿ, ಆದ್ರೆ ಕುತ್ತಿಗೆಗೆ ಗಾಳಿ ತಾಗ್ಬಾರ್ದು, ಅಷ್ಟೇ ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು.

"ಮಂಕಿ ಟೋಪಿ ಹಾಕ್ಕೊಂಡ್ರೆ ಬ್ಯಾಂಕ್ ದೋಚೋಕೆ ಹೊರಟವಳ ಥರ ಕಾಣ್ತೀನಿ," ಎನ್ನುತ್ತಿದ್ದಳು ಗಿರಿಜಾ. "ಶಾಲು ಅಂತೀರಾ, ಸೆರಗು, ಬ್ಯಾಗು, ಊಟದ ಡಬ್ಬಿ ಹಿಡ್ಕೊಳ್ಳೋದೇ ಸಾಕಾಗಿದೆ. ಅದರ ಮೇಲೆ ಶಾಲು ಬೇರೆ ಯಾರು ಹಿಡ್ಕೋತಾರೆ?"

ಆ ವರ್ಷ ಮೊದಲ ಸಲ ನಾನು ಮನೆಯಲ್ಲಿ ಉಳಿದವನು, ಅವಳು ಹೋಗುವವಳು. ಅವಳು ಕೆಮ್ಮುತ್ತ ಗೇಟು ದಾಟುವುದನ್ನು ಕಿಟಕಿಯಲ್ಲಿ ನಿಂತು ನೋಡುವುದು ನನಗೆ ಒಗ್ಗಲಿಲ್ಲ. ಮನೆಯಲ್ಲಿ ನನ್ನಿಂದ ಆಗುವ ಉಪಯೋಗವೆಂದರೆ ನೀರು ಬಂದಾಗ ಮೋಟರ್ ಹಾಕುವುದು ಮತ್ತು ಮರೆಯದೆ ಆರಿಸುವುದು. ಅದೂ ಎರಡು ಸಲ ಮರೆತಿದ್ದೆ.

ಅದೇ ವರ್ಷ, ಚಳಿಗಾಲ ಬರುವ ಮೊದಲೇ, ನಾನು ಸ್ಕೂಟರಿನಿಂದ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ಫಿಸಿಯೋಥೆರಪಿಯ ಹುಡುಗಿ, "ಬೆರಳು ಆಡಿಸ್ತಾ ಇರ್ಬೇಕು ಅಂಕಲ್. ಬಾಲ್ ಹಿಚುಕಿ, ಇಲ್ಲಾಂದ್ರೆ ನಮ್ಮಜ್ಜಿ ಥರ ಸ್ವೆಟರ್ ಹೆಣೀರಿ," ಎಂದು ನಕ್ಕಳು. ಅವಳು ತಮಾಷೆಗೆ ಹೇಳಿದ್ದು. ನಾನು ಎರಡು ದಿನ ಬಾಲ್ ಹಿಚುಕಿದೆ. ಅದಕ್ಕೆ ಡ್ರಾಯಿಂಗ್ ಇಲ್ಲ, ಅಳತೆ ಇಲ್ಲ, ದಿನದ ಕೊನೆಗೆ ಕೈಯಲ್ಲಿ ಒಂದು ಪೀಸೂ ಇರುವುದಿಲ್ಲ. ಮೂರನೇ ದಿನ ಹೆಬ್ಬಗೋಡಿಯ ಫ್ಯಾನ್ಸಿ ಸ್ಟೋರಿಗೆ ಹೋಗಿ ಎರಡು ಹೆಣಿಗೆ ಕಡ್ಡಿ, ಒಂದು ಉಂಡೆ ಉಲ್ಲನ್ ಕೇಳಿದೆ.

"ಮೇಡಂ ಯಾವ ಕಲರ್ ಹೇಳಿದ್ರು ಸಾರ್?" ಅಂಗಡಿಯಾಕೆ ಕೇಳಿದರು.

"ಮೇಡಂ ಅಲ್ಲ. ಹೆಣಿಯೋದು ನಾನೇ."

ಆಕೆ ನೋಡುತ್ತಿದ್ದ ಸೀರಿಯಲ್ಲಿನ ಸೌಂಡು ಕಡಿಮೆ ಮಾಡಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಗಿಳಿ ಹಸಿರಿನ ಉಂಡೆಯನ್ನು ಕೊಟ್ಟರು. ಯಾರೂ ಕೊಳ್ಳದೆ ಉಳಿದಿದ್ದ ಬಣ್ಣವೆಂದು ಆಮೇಲೆ ತಿಳಿಯಿತು.

ಮೊಬೈಲಿನಲ್ಲಿ ನೋಡಿ ಕಲಿತೆ. ಹೆಣಿಗೆಯಲ್ಲಿ ಇರುವುದು ಎರಡೇ ಕೆಲಸ, ಸೀದಾ ಕುಣಿಕೆ ಮತ್ತು ಉಲ್ಟಾ ಕುಣಿಕೆ. ಉಳಿದದ್ದೆಲ್ಲ ಅವನ್ನು ಜೋಡಿಸುವ ಲೆಕ್ಕಾಚಾರ. ಇದು ನನ್ನ ಕೆಲಸವೇ ಎಂದು ಮನಸ್ಸಿಗೆ ಹಿತವಾಯಿತು. ಕಾರ್ಖಾನೆಯಲ್ಲಿದ್ದ ಹಾಗೆಯೇ ಒಂದು ಕೆಂಪು ಪ್ಲಾಸ್ಟಿಕ್ ಬುಟ್ಟಿ ತಂದು ಬಾಗಿಲ ಪಕ್ಕ ಇಟ್ಟುಕೊಂಡೆ. ವರ್ನಿಯರ್ ಇದ್ದೇ ಇತ್ತು. ಮೊದಲು ಹೆಣೆದ ಗಿಳಿ ಹಸಿರಿನ ಕೌಲು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಬಂತು. ಬುಟ್ಟಿಗೆ ಹಾಕಿದೆ. ಎರಡನೆಯದು ಟೋಪಿ, ಅದು ಸೊಟ್ಟಗಾಯಿತು. ಬುಟ್ಟಿಗೆ ಹಾಕಿದೆ. ಮೂರನೆಯದೂ ಟೋಪಿ, ಅದು ಅಳತೆಗೆ ಸರಿಯಾಗಿ ಬಂತು. ಅದನ್ನು ಮುನಿಯಮ್ಮನವರ ಗಂಡ ಪಾಪಣ್ಣನವರಿಗೆ ಕೊಡುವುದೆಂದು ಮೊದಲೇ ಅವರ ತಲೆಯ ಸುತ್ತಳತೆ ತೆಗೆದುಕೊಂಡಿದ್ದೆ. ತಲೆ ಎಷ್ಟಿತ್ತೋ ಟೋಪಿ ಅಷ್ಟೇ. ಉಣ್ಣೆಗೆ ಜಗ್ಗಲು ಎಡೆ ಬಿಡಬೇಕೆಂಬುದು ಕಬ್ಬಿಣ ಅಳೆದ ಕೈಗೆ ಎಲ್ಲಿಂದ ಹೊಳೆಯಬೇಕು. ತಲೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ನಾನು ಹಿಂದಿನಿಂದ, ಮುನಿಯಮ್ಮನವರು ಮುಂದಿನಿಂದ ಎಳೆದೆವು.

"ಕಿವಿ ಬುಟ್ಟು ಎಳೀರಿ ಸಾ," ಎಂದು ಪಾಪಣ್ಣನವರು ಒಳಗಿನಿಂದ ಹೇಳಿದರು. "ಕಿವಿ ಬೇಕು ನಂಗೆ."

ಆಮೇಲೆ ಕೈ ಕುದುರಿತು. ಬೆರಳಿಗೆ ಅಭ್ಯಾಸವಾದಂತೆ ಬರಿಯ ಸೀದಾ-ಉಲ್ಟಾ ಸಾಲದೆನಿಸಿ ಡಿಸೈನಿನ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಬರುವ ಡಿಸೈನುಗಳಲ್ಲೆಲ್ಲ ಹಿಮ, ಜಿಂಕೆ, ದೇವದಾರು ಮರ. ಹೆಬ್ಬಗೋಡಿಯಲ್ಲಿ ಇವು ಮೂರೂ ಇಲ್ಲ. ಹಾಗಾಗಿ ಇಲ್ಲಿ ಏನಿದೆಯೋ ಅದನ್ನೇ ನೋಡತೊಡಗಿದೆ. ಅಂಗಡಿಯ ರೋಲಿಂಗ್ ಶಟರಿನ ಪಟ್ಟಿಗಳಿಂದ ಟೋಪಿಯ ಅಂಚು ಬಂತು. ಹಲಸಿನಕಾಯಿಯ ಸಿಪ್ಪೆಯಿಂದ ಒಂದು ಟೋಪಿಯ ಮೈ ಬಂತು. ಮುನಿಯಮ್ಮನವರ ಬಾಗಿಲ ಚುಕ್ಕಿ ರಂಗೋಲಿಯನ್ನು ನಾನು ದಿನಾ ಬಗ್ಗಿ ಎಣಿಸುವುದನ್ನು ನೋಡಿ ಅವರು, ನನಗೆ ಯಾರಾದರೂ ಮಾಟ ಮಂತ್ರ ಮಾಡಿಸಿದ್ದಾರೆಯೇ ಎಂದು ಗಿರಿಜಾಳನ್ನು ಗುಟ್ಟಾಗಿ ವಿಚಾರಿಸಿದರು. ಆ ರಂಗೋಲಿಯ ಟೋಪಿ ಮುಗಿದಾಗ ಅದನ್ನು ಅವರಿಗೇ ಕೊಟ್ಟೆ.

ಇನ್ನೊಂದು ದಿನ ಫುಟ್‌ಪಾತಿನಲ್ಲಿ ಅಂಕುಡೊಂಕಾಗಿ ಕೂರಿಸಿದ್ದ ಇಂಟರ್‌ಲಾಕ್ ಇಟ್ಟಿಗೆಗಳು ಚೆನ್ನಾಗಿ ಕಂಡವು. ಮೊಣಕಾಲೂರಿ ಕೂತು ಸಾಲು ಎಣಿಸುತ್ತಿದ್ದೆ. ಒಬ್ಬ ಆಟೋದವನು ಗಾಡಿ ನಿಲ್ಲಿಸಿ ಇಳಿದು ಬಂದ.

"ಏನ್ ಬಿದ್ದೋಯ್ತು ಸಾರ್?" ಎಂದು ಅವನೂ ಪಕ್ಕದಲ್ಲಿ ಕೂತು ಹುಡುಕತೊಡಗಿದ.

"ಏನೂ ಬಿದ್ದಿಲ್ಲ. ಡಿಸೈನ್ ನೋಡ್ತಿದೀನಿ. ಟೋಪಿಗೆ."

ಅವನು ಸ್ವಲ್ಪ ಹೊತ್ತು ಇಟ್ಟಿಗೆಯನ್ನೂ ನನ್ನನ್ನೂ ನೋಡಿದ. "ಮನೆ ಎಲ್ಲಿ ಸಾರ್, ಬಿಡ್ಲಾ?" ಎಂದ. ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು.

ಆದರೆ ಗಿರಿಜಾಳ ಕೌಲಿಗೆ ಯಾವ ಡಿಸೈನೂ ಸರಿಯೆನಿಸಲಿಲ್ಲ. ಇಟ್ಟಿಗೆ, ಶಟರು, ಹಲಸು ಬೇರೆಯವರ ತಲೆಗೆ ಸಾಕು. ಆ ಚಳಿಗಾಲದಲ್ಲಿ ನನಗೆ ಬೇಕಿದ್ದದ್ದು ಒಂದೇ. ನಾನು ಮಾಡಿದ್ದು ಅವಳ ಕುತ್ತಿಗೆಯ ಮೇಲೆ ಕೂತು ಅತ್ತಿಬೆಲೆಗೆ ಹೋಗಬೇಕು, ಅವಳ ಸ್ವರ ಉಳಿಯಬೇಕು. ಒಂದು ಭಾನುವಾರ ಬೇಗೂರಿನ ಹಳೆಯ ದೇವಸ್ಥಾನಕ್ಕೆ ಹೋದೆವು. ಎಲ್ಲರೂ ಲಿಂಗದ ಕಡೆ ಮುಖ ಮಾಡಿ ನಿಂತಿದ್ದರು. ನಾನು ಕಂಬದ ಮೇಲೆ ಅಂಗೈ ಇಟ್ಟು ಗೆರೆಗಳನ್ನು ಸವರುತ್ತಿದ್ದೆ.

"ಮೊದಲು ದೇವರಿಗೆ ಕೈ ಮುಗೀರಿ," ಗಿರಿಜಾ ಮೆಲ್ಲಗೆ ಗದರಿದಳು. "ಕಂಬ ಎಲ್ಲೂ ಹೋಗಲ್ಲ."

ಕೊನೆಗೆ ಡಿಸೈನು ಸಿಕ್ಕಿದ್ದು ಮನೆಯಲ್ಲೇ, ನನ್ನ ಹಳೆಯ ಟೂಲ್ ಬಾಕ್ಸಿನಲ್ಲಿ. ಕೈ ಜಾರದಿರಲೆಂದು ಉಪಕರಣಗಳ ಹಿಡಿಯ ಮೇಲೆ ಅಡ್ಡಡ್ಡ ಗೆರೆ ಕೊರೆದು ಸಣ್ಣ ಸಣ್ಣ ವಜ್ರಾಕಾರ ಮೂಡಿಸಿರುತ್ತಾರೆ. ನರ್ಲಿಂಗ್ ಎನ್ನುತ್ತೇವೆ. ಮೂವತ್ತು ವರ್ಷ ಅದು ನನ್ನ ಅಂಗೈಗೆ ಒತ್ತಿಕೊಂಡೇ ಇತ್ತು. ಅದನ್ನೇ ಉಣ್ಣೆಯಲ್ಲಿ ತಂದರೆ ಹೇಗೆ ಎನಿಸಿತು. ಕೆಂಪು ಮಿಶ್ರಿತ ಕಂದು ಬಣ್ಣದ ಒಳ್ಳೆಯ ಉಣ್ಣೆ ತರಿಸಿದೆ, ಅಂಗಡಿಯಾಕೆಗೆ ಅಡ್ವಾನ್ಸ್ ಕೊಟ್ಟು. ಬಹಳ ದಿನ ಕೂತು ಹೆಣೆದೆ. ಮುಗಿದಾಗ ವರ್ನಿಯರ್ ಹಿಡಿದು ನೋಡಿದೆ. ಒಂದು ವಜ್ರವೂ ಇನ್ನೊಂದಕ್ಕಿಂತ ಹೆಚ್ಚುಕಡಿಮೆ ಇರಲಿಲ್ಲ.

ಗಿರಿಜಾ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಕೆನ್ನೆಗೆ ಒತ್ತಿಕೊಂಡಳು. ಅವಳ ಕಣ್ಣು ತುಂಬಿತ್ತು.

"ಇದನ್ನ ನೀವೇ ಮಾಡಿದ್ರಾ ರೀ? ಅಂಗಡೀದು ಇದರ ಮುಂದೆ ಏನೂ ಇಲ್ಲ."

"ನಾಳೆ ಹಾಕ್ಕೊಂಡು ಹೋಗು."

"ನಾಳೆನಾ?" ಅವಳು ಗಾಬರಿಯಾದಳು. "ಇಷ್ಟು ಒಳ್ಳೇದನ್ನ ಆ ವ್ಯಾನಲ್ಲಿ? ಕಿಟಕೀಲಿ ಧೂಳು, ಹೊಗೆ ಎಲ್ಲ ಬರತ್ತೆ. ನಿಮ್ಮ ತಂಗಿ ಮಗಳ ಮದುವೆ ಇದೆಯಲ್ಲ, ಅದಕ್ಕೆ ಹಾಕ್ಕೋತೀನಿ."

ಮದುವೆ ಇದ್ದದ್ದು ಮೇ ತಿಂಗಳಲ್ಲಿ, ದಾವಣಗೆರೆಯಲ್ಲಿ. ಮೇ ತಿಂಗಳ ದಾವಣಗೆರೆಯಲ್ಲಿ ಉಣ್ಣೆಯ ಕೌಲು ಹಾಕಿಕೊಂಡವರನ್ನು ಮದುವೆ ಮನೆಯಿಂದ ನೇರ ಆಸ್ಪತ್ರೆಗೆ ಕರೆದೊಯ್ಯಬೇಕಾಗುತ್ತದೆ. ಹಾಗೆಂದು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕೌಲು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು, ನುಸಿಗುಳಿಗೆಯ ಜೊತೆ ಬೀರುವಿಗೆ ಹೋಯಿತು. ಇದು ಒಂದೇ ಇದೆ ಎಂದು ಹೀಗೆ ಮಾಡುತ್ತಾಳೆ, ಎರಡಿದ್ದರೆ ಒಂದನ್ನಾದರೂ ಹಾಕಿಕೊಂಡಾಳು ಎಂದು ನೀಲಿಯಲ್ಲಿ ಇನ್ನೊಂದು ಹೆಣೆದೆ. ಅದು ಮೊದಲಿನದಕ್ಕಿಂತ ಚೆನ್ನಾಗಿ ಬಂತು, ಆದ್ದರಿಂದ ಇನ್ನೂ ಒಳಗಿನ ಖಾನೆಗೆ ಹೋಯಿತು. ಮೂರನೆಯದು ಬೂದು ಬಣ್ಣ. ಅದಕ್ಕೆ ಅವಳು ಬಾಯಿಂದ ಏನನ್ನೂ ಹೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಧನುರ್ಮಾಸ ಬಂದು ಅವಳ ಸ್ವರ ಬಿದ್ದುಹೋಗಿತ್ತು. ಕೈಸನ್ನೆಯಲ್ಲೇ ಬಹಳ ಚೆನ್ನಾಗಿದೆ ಎಂದು ತೋರಿಸಿ, ಬೀರುವಿನ ಬೀಗದ ಕೈ ಎತ್ತಿಕೊಂಡಳು.

ಸ್ವರವಿಲ್ಲದ ದಿನಗಳಲ್ಲಿ ಅವಳು ನನ್ನನ್ನು ಕರೆಯಬೇಕಾದರೆ ತಟ್ಟೆಗೆ ಚಮಚ ಬಡಿಯುತ್ತಿದ್ದಳು. ಒಂದು ಸಲ ಬಡಿದರೆ ಊಟಕ್ಕೆ ಬನ್ನಿ. ಜೋರಾಗಿ ಬಡಿದರೆ ಮೋಟರ್ ಆರಿಸಿಲ್ಲ. ನಗು ಬರುತ್ತಿತ್ತು, ಆದರೆ ಅವಳು ಬೆಳಿಗ್ಗೆ ಸೆರಗನ್ನೇ ಕುತ್ತಿಗೆಗೆ ಸುತ್ತಿಕೊಂಡು ಮಂಜಿನಲ್ಲಿ ಹೋಗುವುದನ್ನು ನೋಡಿದಾಗ ಸಿಟ್ಟೂ ಬರುತ್ತಿತ್ತು. ಬೀರುವಿನಲ್ಲಿ ಮೂರು ಕೌಲುಗಳು ಬೆಚ್ಚಗೆ ಮಲಗಿದ್ದವು.

ಸಂಕ್ರಾಂತಿ ಬಂತು. ಸಂಜೆ ಮುನಿಯಮ್ಮನವರ ಮನೆಯ ಮುಂದೆ ಕಿಚ್ಚು ಹಾಯಿಸಲು ಹುಲ್ಲು ಹರಡಿದ್ದರು. ಬೀದಿಯಲ್ಲಿ ಉಳಿದಿದ್ದ ಹಸುಗಳೆಲ್ಲ ಸ್ನಾನ ಮಾಡಿ, ಕೊಂಬಿಗೆ ಬಣ್ಣ ಬಳಿಸಿಕೊಂಡು, ಹೂವು ಕಟ್ಟಿಸಿಕೊಂಡು ಬಂದಿದ್ದವು. ಬಾಡಿಗೆಯವರೆಲ್ಲ ಬಾಲ್ಕನಿಯಲ್ಲಿ ಮೊಬೈಲ್ ಹಿಡಿದು ನಿಂತಿದ್ದರು. ಪಾಪಣ್ಣನವರು ಹುಲ್ಲಿಗೆ ಬೆಂಕಿ ಹಚ್ಚಿದರು. ಆಗ ಮುನಿಯಮ್ಮನವರು ಕರುವನ್ನು ಹಿಡಿದುಕೊಂಡು ಬಂದರು. ಕರುವಿನ ಕುತ್ತಿಗೆಯಲ್ಲಿ ಚೆಂಡುಹೂವಿನ ಹಾರ, ಅದರ ಕೆಳಗೆ ಗಿಳಿ ಹಸಿರಿನ ಕೌಲು. ಒಂದು ಕಡೆ ಅಗಲ, ಒಂದು ಕಡೆ ಕಿರಿದು. ನನ್ನ ಮೊದಲ ರಿಜೆಕ್ಟ್.

ಆ ಉಲ್ಲನ್ ಅಸಲಿ ಉಣ್ಣೆಯಲ್ಲ, ಪ್ಲಾಸ್ಟಿಕ್ಕಿನ ತಮ್ಮ. ಒಂದು ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ನಾನು, "ಹೋಲ್ಡ್, ಹೋಲ್ಡ್," ಎನ್ನುತ್ತ ಮೆಟ್ಟಿಲಿಳಿದು ಓಡಿದೆ. ಕಾರ್ಖಾನೆಯಲ್ಲಿ ಲೈನ್ ನಿಲ್ಲಿಸಲು ಕೂಗುತ್ತಿದ್ದ ಮಾತು ಅದೇ ಬಾಯಿಗೆ ಬಂತು. ಕಾರ್ಖಾನೆಯಲ್ಲಿ ನಿಲ್ಲುತ್ತಿದ್ದರು, ಕರು ನಿಲ್ಲಲಿಲ್ಲ. ನಾನು ಕೌಲನ್ನು ಹಿಡಿದೆ, ಕರು ನನ್ನನ್ನು ಎಳೆದುಕೊಂಡು ಶೆಡ್ಡಿನ ಕಡೆ ನುಗ್ಗಿತು. ಕೌಲು ಜಗ್ಗಿತು, ಜಗ್ಗಿತು, ಇಷ್ಟು ಜಗ್ಗುತ್ತದೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಕರುವಿನ ತಲೆಯಿಂದ ಕಳಚಿ ಬಂದಾಗ ನಾನು ಸಗಣಿಯ ಗುಡ್ಡೆಯ ಪಕ್ಕದ ಒಣ ಹುಲ್ಲಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಎಂದು ಇವತ್ತಿಗೂ ಒತ್ತಿ ಹೇಳುತ್ತೇನೆ. ಬಾಲ್ಕನಿಯವರು ಒಪ್ಪುವುದಿಲ್ಲ.

"ಇದು ನಿಮಗೆಲ್ಲಿ ಸಿಕ್ತು?" ಮುನಿಯಮ್ಮನವರನ್ನು ಕೇಳಿದೆ.

"ನಿಮ್ ಕೆಂಪು ಬುಟ್ಟೀಲಿ ಬಿದ್ದಿತ್ತಲ್ಲ ಸಾ. ನೀರಿನ ಬಿಲ್ ಯೋಳೋಕೆ ಬಂದಾಗ ಎತ್ಕೊಂಡ್ ಬಂದೆ. ಮೊದ್ಲು ಹುಲ್ಲಿನ ಹೊರೆ ಹೊರೋಕೆ ಸಿಂಬೆ ಮಾಡ್ಕಂಡಿದ್ದೆ. ತಲೆಗೆ ಮೆತ್ತಗೆ ಕೂತ್ಕತದೆ. ಆಮೇಲೆ ಕರೂಗೆ ಸಳಿ ಆಯ್ತದಲ್ಲ ಅಂತ ಹಾಕ್ದೆ."

ತಲೆಯ ಮೇಲೆ ಹೊರೆ ಒತ್ತದಂತೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ ಸಿಂಬೆ. ನಾನು ಕುತ್ತಿಗೆಗೆ ಹೆಣೆದದ್ದು ತಲೆಗೆ ಹೋಗಿ, ತಲೆಯಿಂದ ಕರುವಿಗೆ ಹೋಗಿತ್ತು.

"ಮತ್ತೆ ನಾನು ನಿಮಗೆ ಕೊಟ್ಟ ಒಳ್ಳೇ ಟೋಪಿ? ರಂಗೋಲಿ ಡಿಸೈನಿಂದು?"

ಮುನಿಯಮ್ಮನವರ ಮುಖ ಅರಳಿತು. "ಬೀರುನಾಗೆ ಮಡಗಿವ್ನಿ ಸಾ. ಬೋ ಸಂದಾಗೈತೆ. ಪ್ಲಾಸ್ಟಿಕ್ ಕವರ್‌ನಾಗೆ ಸುತ್ತಿ ಭದ್ರವಾಗಿ ಮಡಗಿವ್ನಿ."

"ಹಾಕ್ಕೊಂಡೇ ಇಲ್ವಾ?"

"ಒಳ್ಳೇದ್ನ ದಿನಾ ಯಾರಾದ್ರೂ ಹಾಕ್ಕತಾರಾ?" ಅವರಿಗೆ ನನ್ನ ತಿಳಿವಳಿಕೆಯ ಬಗ್ಗೆಯೇ ಅನುಮಾನ ಬಂತು. "ಒಳ್ಳೇದು ಮಡಗಾಕೆ, ಕೆಟ್ಟಿದ್ದು ಬಳಸಾಕೆ. ಎಸೆಯೋ ಬದ್ಲು ಯಾವುದುಕ್ಕಾರ ಆಗ್ಲಿ ಅಂತ."

ಅಂದಿನಿಂದ ನಾನು ಗಮನಿಸತೊಡಗಿದೆ. ನಿಜವಾಗಿತ್ತು. ನಮ್ಮ ಅಡಿಗೆಮನೆಯಲ್ಲೇ ನನ್ನ ಸೊಟ್ಟ ಟೋಪಿ ಮೊಸರಿನ ಪಾತ್ರೆಯ ಮೇಲೆ ಕೂತಿತ್ತು. ಚಳಿಗೆ ಹಾಲು ಹೆಪ್ಪಾಗುತ್ತಿಲ್ಲವೆಂದು ಗಿರಿಜಾ ಅದನ್ನು ಬುಟ್ಟಿಯಿಂದ ಎತ್ತಿ ಪಾತ್ರೆಗೆ ತೊಡಿಸಿದ್ದಳು. ಎರಡು ವಾರದಿಂದ ಗಟ್ಟಿ ಮೊಸರು ತಿನ್ನುತ್ತಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. ಅಂಚು ಬಿಟ್ಟುಕೊಂಡ ಇನ್ನೊಂದು ಕೌಲು ಅವಳ ವ್ಯಾನಿನ ಡ್ರೈವರ್ ಕುತ್ತಿಗೆಯಲ್ಲಿತ್ತು. ಹೇಗಿದ್ದರೂ ಎಸೆಯುತ್ತೀರಲ್ಲ ಎಂದು ಅವಳೇ ಕೊಟ್ಟಿದ್ದಳಂತೆ. ಮೂವತ್ತು ವರ್ಷ ಒಂದೇ ಒಂದು ರಿಜೆಕ್ಟ್ ಪೀಸು ಗೇಟಿನಿಂದ ಹೊರಗೆ ಹೋಗದಂತೆ ಕಾದವನು ನಾನು. ಈಗ ಹೆಬ್ಬಗೋಡಿಯ ತುಂಬ ನನ್ನ ರಿಜೆಕ್ಟುಗಳೇ ಓಡಾಡುತ್ತಿದ್ದವು, ಪಾಸಾದದ್ದೆಲ್ಲ ಬೀರುಗಳಲ್ಲಿ ನುಸಿಗುಳಿಗೆಯ ಜೊತೆ ಸೆರೆಯಾಗಿತ್ತು. ಇದು ಮುನಿಯಮ್ಮನವರೊಬ್ಬರ ರೋಗವಲ್ಲ. ನಮ್ಮಮ್ಮ ಕೂಡ ಒಳ್ಳೆಯ ಸ್ಟೀಲ್ ಲೋಟಗಳನ್ನು ಅಟ್ಟದ ಮೇಲಿಟ್ಟು ನಮಗೆ ಸೊಟ್ಟ ಲೋಟದಲ್ಲೇ ಕಾಫಿ ಕೊಟ್ಟು ಸಾಕಿದವಳು.

ಅಲ್ಲಿಗೆ ದಾರಿ ಒಂದೇ ಎಂದು ತಿಳಿಯಿತು. ಗಿರಿಜಾ ಹಾಕಿಕೊಳ್ಳಬೇಕೆಂದರೆ ಕೌಲು ರಿಜೆಕ್ಟ್ ಆಗಬೇಕು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ, ಅಷ್ಟರೊಳಗೆ ಆಗಬೇಕು.

ಬೇಕೆಂದೇ ತಪ್ಪು ಮಾಡುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಹಳದಿ ಬಣ್ಣದ ಉಣ್ಣೆ ತಂದು ಮತ್ತೆ ಅದೇ ನರ್ಲಿಂಗ್ ಡಿಸೈನ್ ಶುರುಮಾಡಿದೆ. ನಡುವೆ ಒಂದು ಕುಣಿಕೆ ಬಿಟ್ಟುಬಿಡಬೇಕೆಂದು ನಿರ್ಧರಿಸಿ ಕೂತರೆ, ಕೈ ತನ್ನಷ್ಟಕ್ಕೆ ಅದನ್ನು ಎತ್ತಿ ಹೆಣೆದುಬಿಡುತ್ತಿತ್ತು. ಕಣ್ಣು ಮುಚ್ಚಿ ಹೆಣೆದೆ, ಇನ್ನೂ ಚೆನ್ನಾಗಿ ಬಂತು. ಒಂದು ದಿನ ಹಲ್ಲುಕಚ್ಚಿ ಒಂದು ಕುಣಿಕೆ ಬಿಟ್ಟೆ. ಊಟ ಸೇರಲಿಲ್ಲ. ಮಧ್ಯಾಹ್ನ ಮಲಗಿದರೆ ಅದೇ ಕಣ್ಣ ಮುಂದೆ. ಎದ್ದು ಅಷ್ಟನ್ನೂ ಬಿಚ್ಚಿ ಸರಿಮಾಡಿದೆ. ಸರಿಮಾಡಿದ ಮೇಲೆ ನಾನು ಮಾಡಿದ್ದೇನೆಂದು ನೆನಪಾಗಿ ತಲೆ ಚಚ್ಚಿಕೊಂಡೆ. ಹೊರಗೆ ಅವಳ ವ್ಯಾನಿನ ಹಾರ್ನ್ ಕೇಳಿಸಿತು, ಹಿಂದೆಯೇ ಮೆಟ್ಟಿಲ ಮೇಲೆ ಅವಳ ಕೆಮ್ಮು. ಮರುದಿನ ಮತ್ತೆ ಕೂತು, ಕುತ್ತಿಗೆಯ ಎಡಭಾಗಕ್ಕೆ ಬರುವ ಒಂದು ವಜ್ರದ ಬದಿಯನ್ನು ಬಾಯ್ದೆರೆದ ಹಾಗೆ ಬಿಟ್ಟೆ. ಈ ಸಲ ಬಿಚ್ಚಲಿಲ್ಲ.

ಆದರೆ ಬಿಟ್ಟ ಕುಣಿಕೆ ಹಾಗೇ ಇರುವುದಿಲ್ಲ. ದಿನಕ್ಕೊಂದು ಮೆಟ್ಟಿಲಿನಂತೆ ಕೆಳಗಿಳಿದು ಇಡೀ ಕೌಲನ್ನೇ ಬಿಚ್ಚಿಹಾಕುತ್ತದೆ. ತಪ್ಪಿರಲಿ, ಆದರೆ ಬಾಳಿಕೆ ಬೇಡವೇ? ಒಳಗಿನಿಂದ ಅದೇ ಬಣ್ಣದ ಎಳೆ ಹಾಕಿ ಆ ಕುಣಿಕೆಯನ್ನು ಹಿಡಿದು ಬಿಗಿಯಾಗಿ ಗಂಟು ಹಾಕಿದೆ. ಒಂದು ಸಲ ಸಾಲದೆಂದು ಎರಡು ಸಲ. ಆಮೇಲೆ ಕೌಲನ್ನು ಕೆಂಪು ಬುಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಬೀಳುವ ಹಾಗೆ ಎಸೆದೆ. ಎಸೆದೆ ಎನ್ನುವುದಕ್ಕಿಂತ ಮಡಿಸಿ ಇಟ್ಟೆ.

ಮರುದಿನ ಬೆಳಿಗ್ಗೆ ಗಿರಿಜಾ ಚಪ್ಪಲಿ ಹಾಕಿಕೊಳ್ಳುತ್ತ ಬುಟ್ಟಿಯ ಕಡೆ ನೋಡಿದಳು. ನಾನು ಅಡಿಗೆಮನೆಯಲ್ಲಿ ಕಾಫಿ ಸೋಸುವ ನೆಪದಲ್ಲಿ ಉಸಿರು ಹಿಡಿದಿದ್ದೆ.

"ಇದ್ಯಾಕೆ ಇಲ್ಲಿದೆ?" ಅವಳ ದನಿ ಇನ್ನೂ ಗೊರಗೊರ ಎನ್ನುತ್ತಿತ್ತು.

"ರಿಜೆಕ್ಟ್."

"ಎಲ್ಲಿದೆ ತಪ್ಪು?"

ತೋರಿಸಿದೆ. ಅವಳು ಬೆಳಕಿಗೆ ಹಿಡಿದು ಹುಡುಕಿದಳು. ಬಹಳ ಹೊತ್ತಾದ ಮೇಲೆ ಕಂಡಿತು.

"ಇಷ್ಟಕ್ಕೆ ಎಸೀತೀರಾ? ಎಷ್ಟು ಉಣ್ಣೆ ವೇಸ್ಟು. ನಿಮಗೆ ಬುದ್ಧಿ ಯಾವಾಗ ಬರತ್ತೋ." ಹೀಗೆನ್ನುತ್ತಲೇ ಅದನ್ನು ತಲೆಯ ಮೇಲಿಂದ ಇಳಿಸಿ, ಕುತ್ತಿಗೆಗೆ ಸರಿಮಾಡಿಕೊಂಡು, ಡಬ್ಬಿ ಎತ್ತಿಕೊಂಡು ಹೊರಟುಹೋದಳು.

ನಾನು ಕಿಟಕಿಗೆ ಓಡಿದೆ. ಮಂಜಿನಲ್ಲಿ ಹಳದಿ ಬಣ್ಣ ಗೇಟು ದಾಟಿ, ಮುಖ್ಯರಸ್ತೆಯ ಕಡೆ ತಿರುಗಿ, ಮರೆಯಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಕಾಫಿ ಸೋಸಿದ್ದು ಮರೆತು ಮತ್ತೊಮ್ಮೆ ಸೋಸಿದೆ. ಅಂದಿನಿಂದ ಅವಳು ದಿನವೂ ಅದನ್ನೇ ಹಾಕಿಕೊಂಡು ಹೋದಳು. ಕೆಮ್ಮು ಕಡಿಮೆಯಾಯಿತು. ಸ್ವರ ನಿಧಾನವಾಗಿ ಮರಳಿತು. ಮರಳಿದ ಸ್ವರದ ಮೊದಲ ಪೂರ್ತಿ ವಾಕ್ಯ ಮೋಟರಿನ ಬಗ್ಗೆ ಇತ್ತು.

ಶಿವರಾತ್ರಿಯ ದಿನ ಅವಳಿಗೆ ರಜೆ. ಬಿಸಿಲು ಚುರುಕಾಗಿತ್ತು. ಟೆರೇಸಿನ ಮೇಲೆ ಚಳಿಗಾಲದ ಬಟ್ಟೆಗಳನ್ನೆಲ್ಲ ಒಗೆದು ಹರವುತ್ತಿದ್ದಳು. ಉಪವಾಸದ ನಡುವೆ ನಾನೂ ಹೋಗಿ ಬಕೆಟ್ ಹಿಡಿದು ನಿಂತೆ. ಹಳದಿ ಕೌಲನ್ನು ಒಳಗು ಹೊರಗು ಮಾಡಿ ತಂತಿಯ ಮೇಲೆ ಹಾಕಿದ್ದಳು.

"ರೀ, ಇಲ್ಲಿ ಬನ್ನಿ. ಇದೇನು?"

ಅವಳ ಬೆರಳು ಗಂಟಿನ ಮೇಲಿತ್ತು.

"ಗಂಟು," ಎಂದೆ.

"ಎಸೆಯೋ ಮಾಲಿಗೆ ಒಳಗಿಂದ ಗಂಟು ಹಾಕಿ ಭದ್ರ ಮಾಡ್ತಾರಾ? ಅದೂ ಎರಡೆರಡು ಸಲ?"

ಕಾರ್ಖಾನೆಯಲ್ಲಿ ಇಂಥ ಪ್ರಶ್ನೆಗಳನ್ನು ಕೇಳುತ್ತಿದ್ದವನು ನಾನು. ಉತ್ತರ ಹೇಳುವ ಕಡೆ ನಿಂತು ಅಭ್ಯಾಸವಿರಲಿಲ್ಲ. ಬಕೆಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ.

"ಯಾವಾಗ ನೋಡಿದೆ?"

"ಮೊದಲನೇ ದಿನಾನೇ. ವ್ಯಾನು ಇನ್ನೂ ಹೆಬ್ಬಗೋಡಿ ದಾಟಿರಲಿಲ್ಲ. ಕುತ್ತಿಗೆಗೆ ಏನೋ ಚುಚ್ಚತ್ತಲ್ಲ ಅಂತ ತೆಗೆದು ನೋಡಿದೆ."

"ಗೊತ್ತಾದ ಮೇಲೂ ಹಾಕ್ಕೊಂಡೆ?"

ಗಿರಿಜಾ ಕೌಲನ್ನು ತಂತಿಯ ಮೇಲೆ ಸರಿಮಾಡಿದಳು. "ನಮ್ಮ ಮದುವೇಲಿ ಅಕ್ಷತೆ ಕಾಳು ಸಣ್ಣದು ದೊಡ್ಡದು ಇದೆ ಅಂದವರು ನೀವು. ಅಂಥವರು ನನಗೋಸ್ಕರ ಕೂತ್ಕೊಂಡು ಒಂದು ತಪ್ಪು ಮಾಡಿದೀರಿ. ಅದನ್ನ ಬೀರುನಲ್ಲಿಡೋಕೆ ನನಗೆ ಮನಸ್ಸು ಬರಲಿಲ್ಲ." ಬಕೆಟಿನಿಂದ ಇನ್ನೊಂದು ಬಟ್ಟೆ ಎತ್ತಿ ಹಿಂಡುತ್ತ ಮತ್ತೆ ಹೇಳಿದಳು. "ಮುಂದಿನ ಸಲ ಸ್ವಲ್ಪ ದೊಡ್ಡ ತಪ್ಪು ಮಾಡಿ. ನಮ್ಮ ಯಜಮಾನ್ರು ನನಗೆ ಅಂತಲೇ ಮಾಡಿದ ತಪ್ಪು ಅಂತ ವ್ಯಾನಲ್ಲಿ ಎಲ್ಲರಿಗೂ ತೋರಿಸಿದೆ, ಒಬ್ಬರಿಗೂ ಕಾಣಲಿಲ್ಲ."

ಮೊನ್ನೆ ಬೀರುವಿನಲ್ಲಿ ಸ್ವೆಟರ್ ಸಿಗಲಿಲ್ಲ. ಹಾಕಿಕೊಳ್ಳುವ ಸ್ವೆಟರ್ ಬೀರುವಿನಲ್ಲಿರುವುದಿಲ್ಲವೆಂದು ನನಗೆ ಹೊಳೆಯಬೇಕಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅದರ ಪಕ್ಕದ ಮೊಳೆ ಖಾಲಿ, ಹಳದಿ ಕೌಲು ಆಗಲೇ ಅತ್ತಿಬೆಲೆಯ ದಾರಿಯಲ್ಲಿತ್ತು. ಮೂರು ಚಳಿಗಾಲಕ್ಕೆ ಬಣ್ಣ ಮಾಸಿದೆ, ಅಂಚು ಜೋತುಬಿದ್ದಿದೆ, ಗಂಟು ಮಾತ್ರ ಅಲ್ಲಾಡಿಲ್ಲ. ಈ ವರ್ಷ ಗಿರಿಜಾಳಿಗೆ ಹಸಿರಿನಲ್ಲಿ ಹೊಸದನ್ನು ಹೆಣೆಯುತ್ತಿದ್ದೇನೆ, ಇಂಟರ್‌ಲಾಕ್ ಇಟ್ಟಿಗೆಯ ಡಿಸೈನು. ಅರ್ಧ ಮುಗಿದಿದೆ. ಒಂದು ಕುಣಿಕೆಯೂ ಹೆಚ್ಚುಕಡಿಮೆ ಇಲ್ಲ, ಅದೇ ಕಷ್ಟ. ಮೊಣಕಾಲೂರಿ ಕೂತು ಫುಟ್‌ಪಾತಿನಲ್ಲಿ ಮತ್ತೆ ಹುಡುಕುತ್ತಿದ್ದೇನೆ, ಇಟ್ಟಿಗೆ ಹಾಕಿದವನು ಎಲ್ಲಾದರೂ ಒಂದು ಒಳ್ಳೆಯ ತಪ್ಪು ಮಾಡಿರುತ್ತಾನೆಯೇ ಎಂದು.